ಗಣಕಯಂತ್ರದಲ್ಲಿ ಅಧಿಕಾರದ ಹಸ್ತಾಂತರ

ಗಣಕಯಂತ್ರದ ಗುಂಡಿಯನ್ನು ಒತ್ತುತ್ತೇವೆ. ಪರದೆಯ ಮೇಲೆ ತಯಾರಕರ ಮುದ್ರೆಯೊಂದು ಮೂಡುತ್ತದೆ. ಕ್ಷಣಕಾಲ ಎಲ್ಲವೂ ಕತ್ತಲೆಯಾಗುತ್ತದೆ. ಬಳಿಕ ನಮಗೆ ಪರಿಚಿತವಾದ ಚಿತ್ರಗಳೂ ಗುರುತುಗಳೂ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ನಿತ್ಯವೂ ನೋಡುವ ದೃಶ್ಯವಾದುದರಿಂದ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನಿದೆ ಎಂದು ವಾಚಕರು ಕೇಳಬಹುದು. ಆದರೆ ಆ ಕೆಲವು ಸೆಕೆಂಡುಗಳಲ್ಲಿ ಯಂತ್ರದ ಆಡಳಿತವು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ವರ್ಗವಾಗಿರುತ್ತದೆ. ಈ ಇಬ್ಬರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಸ್ಥಳಗಳಲ್ಲಿ, ಒಬ್ಬರನ್ನೊಬ್ಬರು ಕಾಣದ ಜನರಿಂದ ರಚಿತರಾದವರು. ಅವರ ನಡುವಣ ಮಾತುಕತೆಯಲ್ಲಿ ತಪ್ಪಾದರೆ ಯಂತ್ರವು ಏಳದೆ ಹೋಗಬಹುದು. ಮತ್ತೆಂದೂ ಏಳದೆ ಉಳಿದ ನಿದರ್ಶನಗಳೂ ಉಂಟು. ಈ ಮಾತುಕತೆಯು ಹೇಗೆ ನಡೆಯುವುದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬೀಗವೂ ಬೀಗದ ಕೈಯೂ

ಗಣಕಯಂತ್ರದ ಕಾರ್ಯಗಳನ್ನೆಲ್ಲ ನಡೆಸುವ ಕ್ರಮವಿಧಿಗಳ ಸಮೂಹಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದರ ತಿರುಳೇ ಕರ್ನೆಲ್. ಯಾವ ಕ್ರಮವಿಧಿಗೆ ಎಷ್ಟು ಸ್ಮೃತಿಯನ್ನು ಕೊಡಬೇಕು, ಯಾವುದು ಯಾವಾಗ ಓಡಬೇಕು, ತಟ್ಟೆಯಿಂದ ಏನನ್ನು ಓದಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಅದೇ. ಆದರೆ ಯಂತ್ರವು ಆರಿರುವಾಗ ಕರ್ನೆಲ್ ಇರುವುದು ತಟ್ಟೆಯಲ್ಲಿ ಅಥವಾ ಅಂಥ ಬೇರೊಂದು ಸಂಗ್ರಹಸಾಧನದಲ್ಲಿ. ಪ್ರೊಸೆಸರ್ ಆದರೋ ಸ್ಮೃತಿಯಲ್ಲಿರುವ ಆದೇಶಗಳನ್ನು ಮಾತ್ರ ಪಾಲಿಸಬಲ್ಲುದು. ಕರ್ನೆಲನ್ನು ತಟ್ಟೆಯಿಂದ ಸ್ಮೃತಿಗೆ ತರಲು ಒಂದು ಕ್ರಮವಿಧಿ ಬೇಕು, ಆ ಕ್ರಮವಿಧಿ ಕರ್ನೆಲಿನಲ್ಲಿದೆ, ಕರ್ನೆಲ್ ತಟ್ಟೆಯಲ್ಲಿದೆ! ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತಾಯಿತು.

ಈ ತೊಡಕಿನಿಂದ ಪಾರುಮಾಡುವುದು ಫರ್ಮ್‌ವೇರ್. ಇದೊಂದು ಚಿಕ್ಕ ಕ್ರಮವಿಧಿ. ವಿದ್ಯುತ್ತು ನಿಂತರೂ ಮರೆಯದ ಒಂದು ಚಿಪ್ಪಿನಲ್ಲಿ ಅದನ್ನು ತಯಾರಕರೇ ಬರೆದು ಯಂತ್ರದ ಮುಖ್ಯ ಫಲಕದ ಮೇಲೆ ಕೂರಿಸಿರುತ್ತಾರೆ. ವಿದ್ಯುತ್ತು ಬಂದೊಡನೆ ಪ್ರೊಸೆಸರ್ ಯಾವ ವಿಳಾಸದಿಂದ ಮೊದಲ ಆದೇಶವನ್ನು ಓದಬೇಕೆಂಬುದು ಅದರ ರಚನೆಯಲ್ಲಿಯೇ ನಿಶ್ಚಿತವಾಗಿದೆ.

೧೯೮೧ರ ಆಗಸ್ಟ್ ತಿಂಗಳಲ್ಲಿ ಐಬಿಎಂ ಸಂಸ್ಥೆ ಹೊರತಂದ ಪಿಸಿ ಎಂಬ ಯಂತ್ರವನ್ನೇ ನೋಡೋಣ. ಅದರ ಪ್ರೊಸೆಸರ್ ಇಂಟೆಲ್ ಸಂಸ್ಥೆಯ ೮೦೮೮. ವಿಳಾಸವನ್ನು ಸೂಚಿಸಲು ಅದಕ್ಕೆ ೨೦ ತಂತಿಗಳಿದ್ದುದರಿಂದ ಒಟ್ಟು ೧೦,೪೮,೫೭೬ ಬೈಟುಗಳನ್ನು ಅದು ಗುರುತಿಸಬಲ್ಲುದಾಗಿತ್ತು. ಎಚ್ಚತ್ತೊಡನೆ ಅದು ನೋಡುತ್ತಿದ್ದುದು ೧೦,೪೮,೫೬೦ನೆಯ ವಿಳಾಸವನ್ನು. ಅಲ್ಲಿಂದ ತುದಿಗೆ ಉಳಿದಿದ್ದುದು ೧೬ ಬೈಟುಗಳ ಎಡೆ ಮಾತ್ರ. ಅಷ್ಟರಲ್ಲಿ ಏನನ್ನು ತಾನೆ ಬರೆಯಲಾದೀತು? 'ಇಂಥ ಕಡೆಗೆ ಹೋಗು' ಎಂಬ ಒಂದೇ ಆದೇಶವನ್ನು ಅಲ್ಲಿಟ್ಟಿದ್ದರು. ಇಂದಿನ ಪ್ರೊಸೆಸರುಗಳಲ್ಲಿ ಈ ವಿಳಾಸವು ಬೇರೆಯಾಗಿದ್ದರೂ ತತ್ತ್ವವು ಅದೇ.

ಪಿಸಿಯ ಫರ್ಮ್‌ವೇರಿಗೆ ಬಯಾಸ್ ಎಂದು ಹೆಸರು. ಈ ಹೆಸರನ್ನು ಮೊದಲು ಬಳಸಿದವನು ಸಿಪಿಎಂ ಎಂಬ ಆಪರೇಟಿಂಗ್ ಸಿಸ್ಟಮನ್ನು ೧೯೭೦ರ ದಶಕದಲ್ಲಿ ರಚಿಸಿದ ಗ್ಯಾರಿ ಕಿಲ್ಡಾಲ್. ಬಯಾಸ್ ಮೊದಲು ಸ್ಮೃತಿಯನ್ನೂ ಕೀಲಿಮಣೆಯನ್ನೂ ಇತರ ಉಪಕರಣಗಳನ್ನೂ ಪರೀಕ್ಷಿಸುವುದು. ಬಳಿಕ ತಟ್ಟೆಯ ಮೊಟ್ಟಮೊದಲ ೫೧೨ ಬೈಟುಗಳನ್ನು ಸ್ಮೃತಿಯ ೩೧,೭೪೪ನೆಯ ವಿಳಾಸದಲ್ಲಿ ತಂದಿರಿಸಿ, ಮುಂದಿನ ಕೆಲಸವನ್ನು ಆ ಬೈಟುಗಳಿಗೆ ಒಪ್ಪಿಸಿಬಿಡುವುದು. ಅವುಗಳಲ್ಲಿರುವ ಪುಟ್ಟ ಕ್ರಮವಿಧಿಯು ತನಗಿಂತ ದೊಡ್ಡದಾದ ಇನ್ನೊಂದನ್ನು ತರುವುದು. ಅದು ಕರ್ನೆಲನ್ನು ತರುವುದು. ತೆಳುವಾದ ದಾರಕ್ಕೆ ಹಗ್ಗವನ್ನು ಕಟ್ಟಿ, ಹಗ್ಗಕ್ಕೆ ಮಿಣಿಯನ್ನು ಕಟ್ಟಿ ಎಳೆದುಕೊಂಡಂತೆ ಈ ಕೆಲಸವು ಹಂತಹಂತವಾಗಿ ಸಾಗುವುದು.

ಸಂಖ್ಯೆಯಿಂದ ಕರೆಯುವ ಪದ್ಧತಿ

ಕರ್ನೆಲ್ ಬಂದಿತು. ಆದರೆ ಅದಕ್ಕೆ ಈ ಯಂತ್ರದ ಒಳಹೊರಗುಗಳು ತಿಳಿಯವು. ಸ್ಮೃತಿ ಎಷ್ಟಿದೆ? ತಟ್ಟೆ ಯಾವ ಬಗೆಯದು? ಫರ್ಮ್‌ವೇರನ್ನು ಕೇಳಿಯೇ ತಿಳಿಯಬೇಕು. ಕೇಳುವುದಾದರೂ ಹೇಗೆ? ಫರ್ಮ್‌ವೇರಿನ ಯಾವ ಭಾಗ ಎಲ್ಲಿದೆಯೆಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದಷ್ಟೆ.

ಇದಕ್ಕಾಗಿ ಕಂಡುಕೊಂಡ ಉಪಾಯವು ಬಹಳ ಸರಳವಾದುದು. ಸ್ಮೃತಿಯ ಪ್ರಾರಂಭದ ೧,೦೨೪ ಬೈಟುಗಳಲ್ಲಿ ಬಯಾಸ್ ಒಂದು ಪಟ್ಟಿಯನ್ನು ಬರೆದಿಡುವುದು. ಅದರಲ್ಲಿ ನಾಲ್ಕು ನಾಲ್ಕು ಬೈಟುಗಳ ೨೫೬ ಮನೆಗಳಿವೆ. ಒಂದೊಂದು ಮನೆಯಲ್ಲಿಯೂ ಒಂದೊಂದು ವಿಳಾಸವಿದೆ. '೧೯ನೆಯ ಮನೆಯವನನ್ನು ಕರೆ' ಎಂದು ಕ್ರಮವಿಧಿಯು ಹೇಳಿದರೆ, ಪ್ರೊಸೆಸರ್ ಆ ಮನೆಯಲ್ಲಿರುವ ವಿಳಾಸಕ್ಕೆ ಹೋಗಿ ಅಲ್ಲಿರುವ ಆದೇಶಗಳನ್ನು ನಡೆಸಿ ಹಿಂತಿರುಗುವುದು. ಪರದೆಗೆ ಸಂಬಂಧಿಸಿದುದು ೧೬, ತಟ್ಟೆಗೆ ೧೯, ಕೀಲಿಮಣೆಗೆ ೨೨ ಎಂದು ಗೊತ್ತುಮಾಡಿದ್ದರು. ಕೇಳಬೇಕಾದುದರ ವಿವರವನ್ನು ಪ್ರೊಸೆಸರಿನೊಳಗಿನ ರಿಜಿಸ್ಟರುಗಳೆಂಬ ಪುಟ್ಟ ಗೂಡುಗಳಲ್ಲಿ ಇಟ್ಟು ಕರೆದರೆ, ಉತ್ತರವೂ ಅಲ್ಲಿಯೇ ದೊರೆಯುತ್ತಿತ್ತು. ದೂರವಾಣಿಯಲ್ಲಿ ಸಂಖ್ಯೆಯೊಂದು ತಿಳಿದಿದ್ದರೆ ಸಾಕು, ಅತ್ತಕಡೆಯವನು ಯಾವ ಕೊಠಡಿಯಲ್ಲಿ ಕುಳಿತಿರುವನೆಂದು ತಿಳಿಯಬೇಕಾಗಿಲ್ಲ, ಇದೂ ಹಾಗೆಯೇ.

ಈ ಏರ್ಪಾಡಿನಿಂದ ದೊಡ್ಡದೊಂದು ಪರಿಣಾಮವುಂಟಾಯಿತು. ಸಂಖ್ಯೆಗಳೂ ಉತ್ತರಗಳೂ ಒಂದೇ ಆಗಿದ್ದರೆ ಫರ್ಮ್‌ವೇರನ್ನು ಯಾರು ಬರೆದರೇನು? ಐಬಿಎಂನ ಕ್ರಮವಿಧಿಯನ್ನು ನಕಲುಮಾಡದೆ, ಅದು ಮಾಡುವ ಕೆಲಸವನ್ನು ಮಾತ್ರ ಗಮನಿಸಿ, ಕಾಂಪ್ಯಾಕ್ ಎಂಬ ಸಂಸ್ಥೆ ತನ್ನದೇ ಆದ ಬಯಾಸನ್ನು ಬರೆಯಿಸಿ ೧೯೮೨ರಲ್ಲಿ ತನ್ನ ಯಂತ್ರವನ್ನು ಪ್ರಕಟಿಸಿತು. ಇತರರೂ ಅದೇ ದಾರಿಯನ್ನು ಹಿಡಿದರು. ನೂರಾರು ತಯಾರಕರ ಯಂತ್ರಗಳು ಒಂದೇ ಆಪರೇಟಿಂಗ್ ಸಿಸ್ಟಮನ್ನು ನಡೆಸಬಲ್ಲುವಾದುದಕ್ಕೆ ಇದು ಒಂದು ಮುಖ್ಯ ಕಾರಣ.

ಭಾಷೆ ಬದಲಾದಾಗ

ಕಾಲಕ್ರಮದಲ್ಲಿ ಒಂದು ತೊಂದರೆ ತಲೆದೋರಿತು. ೧೯೮೫ರಲ್ಲಿ ಇಂಟೆಲ್ ಸಂಸ್ಥೆ ೮೦೩೮೬ ಎಂಬ ಪ್ರೊಸೆಸರನ್ನು ಹೊರತಂದಿತು. ಅದು ಒಮ್ಮೆಗೆ ೩೨ ಬಿಟ್‌ಗಳನ್ನು ನಿರ್ವಹಿಸಬಲ್ಲುದು. ಒಂದು ಕ್ರಮವಿಧಿಯು ಮತ್ತೊಂದರ ಸ್ಮೃತಿಯನ್ನು ಕೆಡಿಸದಂತೆ ಕಾಯುವ ರಕ್ಷಿತ ಸ್ಥಿತಿಯೂ ಅದಕ್ಕಿತ್ತು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ಕರ್ನೆಲನ್ನು ಬರೆಯತೊಡಗಿದ್ದು ಈ ಪ್ರೊಸೆಸರಿಗಾಗಿಯೇ. ಆದರೆ ಬಯಾಸ್ ಬರೆಯಲ್ಪಟ್ಟಿದ್ದುದು ಹಳೆಯ ೧೬ ಬಿಟ್‌ಗಳ ಸ್ಥಿತಿಗೆ. ಪ್ರೊಸೆಸರ್ ಒಮ್ಮೆ ರಕ್ಷಿತ ಸ್ಥಿತಿಗೆ ಹೋದ ಮೇಲೆ ವಿಳಾಸವನ್ನು ಲೆಕ್ಕಹಾಕುವ ರೀತಿಯೇ ಬೇರೆ. ಅವೇ ಬೈಟುಗಳಿಗೆ ಬೇರೆ ಅರ್ಥ. ಆಗ ಬಯಾಸನ್ನು ನೇರವಾಗಿ ಕರೆಯುವಂತಿಲ್ಲ.

ಆದುದರಿಂದ ಲಿನಕ್ಸ್ ಕರ್ನೆಲಿನ ಮುಂಭಾಗದಲ್ಲಿ ಒಂದು ಸಣ್ಣ ಭಾಗವನ್ನು ಹಳೆಯ ಸ್ಥಿತಿಗೆ ತಕ್ಕಂತೆ ಬರೆದರು. ಅದು ಬಯಾಸನ್ನು ಕೇಳಬೇಕಾದುದನ್ನೆಲ್ಲ ಕೇಳಿ, ಉತ್ತರಗಳನ್ನು ೪,೦೯೬ ಬೈಟುಗಳ ಒಂದು ಪುಟದಲ್ಲಿ ಗೊತ್ತಾದ ಸ್ಥಾನಗಳಲ್ಲಿ ಬರೆದಿಟ್ಟು, ಬಳಿಕ ರಕ್ಷಿತ ಸ್ಥಿತಿಗೆ ದಾಟುವುದು. ದಾಟಿದೊಡನೆ ಹಿಂದಿನ ಬಾಗಿಲು ಮುಚ್ಚಿದಂತೆಯೇ. ಕರ್ನೆಲಿನ ಉಳಿದ ಭಾಗಕ್ಕೆ ಆ ಒಂದು ಪುಟವೇ ಆಧಾರ.

ಹಾಗೆ ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾದುದು ಸ್ಮೃತಿಯನ್ನು ಕುರಿತದ್ದು. ೨೧ನೆಯ ಮನೆಯನ್ನು ಕರೆದು ಈ ಪ್ರಶ್ನೆಯನ್ನು ಕೇಳಬೇಕು. ಪ್ರತಿಯೊಂದು ಉತ್ತರದಲ್ಲಿಯೂ ಮೂರು ಅಂಶಗಳಿರುತ್ತವೆ: ಪ್ರದೇಶವು ಎಲ್ಲಿ ಆರಂಭವಾಗುವುದು, ಅದರ ಉದ್ದವೆಷ್ಟು, ಅದು ಎಂಥದು. 'ಒಂದು' ಎಂದಿದ್ದರೆ ಉಪಯೋಗಿಸಬಹುದು. 'ಎರಡು' ಎಂದಿದ್ದರೆ ಮುಟ್ಟಕೂಡದು. ಪಿಸಿಯಲ್ಲಿ ಮೊದಲ ೬,೫೫,೩೬೦ ಬೈಟುಗಳ ಬಹುಭಾಗವು ಬಳಕೆಗೆ ಯೋಗ್ಯ. ಅಲ್ಲಿಂದ ೧೦,೪೮,೫೭೬ರವರೆಗಿನ ಪ್ರದೇಶವು ಪರದೆಗೂ ಬಯಾಸಿಗೂ ಮೀಸಲು. ಈ ನಕ್ಷೆಯಲ್ಲಿ ತಪ್ಪಿದ್ದರೆ ಕರ್ನೆಲ್ ಅರಿಯದೆ ಫರ್ಮ್‌ವೇರಿನ ಪ್ರದೇಶದ ಮೇಲೆಯೇ ತನ್ನ ಬರೆಹವನ್ನು ಬರೆದೀತು. ತಪ್ಪು ಆ ಕ್ಷಣದಲ್ಲಿ ತೋರದೆ ಗಂಟೆಗಳ ಅನಂತರ ಎಲ್ಲಿಯೋ ಹೊರಬೀಳುವುದರಿಂದ, ಅದರ ಮೂಲವನ್ನು ಹುಡುಕುವುದು ಬಲು ಕಷ್ಟ.

ಚಾರ್ಜು ವಹಿಸಿಕೊಡುವ ಕ್ರಮ

ಹಳೆಯ ಬಯಾಸಿಗೆ ಬದಲಾಗಿ ಹೊಸ ಪದ್ಧತಿಯನ್ನು ರೂಪಿಸುವ ಕೆಲಸವು ಇಂಟೆಲ್ ಸಂಸ್ಥೆಯಲ್ಲಿ ೧೯೯೦ರ ದಶಕದಲ್ಲಿ, ಇಟೇನಿಯಂ ಎಂಬ ಪ್ರೊಸೆಸರಿನ ಸಲುವಾಗಿ ಪ್ರಾರಂಭವಾಯಿತು. ೨೦೦೫ರಲ್ಲಿ ಹಲವು ಸಂಸ್ಥೆಗಳು ಸೇರಿದ ಒಕ್ಕೂಟವೊಂದು ಅದನ್ನು ವಹಿಸಿಕೊಂಡಿತು. ಈಗ ಯುಇಎಫ್‌ಐ ಎಂದು ಕರೆಯುವುದು ಇದನ್ನೇ. ಈಚಿನ ಪಿಸಿಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಬಗೆಯ ಫರ್ಮ್‌ವೇರೇ.

ಇದರಲ್ಲಿ ಸಂಖ್ಯೆಯ ಮನೆಗಳಿಲ್ಲ. ಕರ್ನೆಲಿಗೆ ಅಧಿಕಾರವನ್ನು ಕೊಡುವಾಗ ಫರ್ಮ್‌ವೇರ್ ಒಂದು ಮುಖ್ಯ ಪಟ್ಟಿಯ ವಿಳಾಸವನ್ನು ಅದರ ಕೈಗಿಡುವುದು. ಆ ಪಟ್ಟಿಯಿಂದ ಎರಡು ಉಪಪಟ್ಟಿಗಳಿಗೆ ದಾರಿಯಿದೆ. ಒಂದು, ಆರಂಭಕಾಲದ ಸೇವೆಗಳದು: ಸ್ಮೃತಿಯನ್ನು ಹಂಚುವುದು, ಕಡತಗಳನ್ನು ಓದಲು ನೆರವಾಗುವುದು ಇತ್ಯಾದಿ. ಇನ್ನೊಂದು, ಯಂತ್ರವು ನಡೆಯುತ್ತಿರುವಷ್ಟು ಕಾಲವೂ ದೊರೆಯುವ ಸೇವೆಗಳದು: ಗಡಿಯಾರವನ್ನು ನೋಡುವುದು, ಕೆಲವು ವಿಷಯಗಳನ್ನು ಚಿಪ್ಪಿನಲ್ಲಿ ಬರೆದಿಡುವುದು, ಯಂತ್ರವನ್ನು ಪುನಃ ಆರಂಭಿಸುವುದು.

ಕಚೇರಿಯಲ್ಲಿ ಒಬ್ಬ ಅಧಿಕಾರಿಯು ವರ್ಗವಾಗಿ ಹೋಗುವಾಗ ಬಂದವನಿಗೆ ಚಾರ್ಜು ವಹಿಸಿಕೊಡುವ ಪದ್ಧತಿಯನ್ನು ವಾಚಕರು ಬಲ್ಲರು. ಉಗ್ರಾಣದಲ್ಲಿ ಇರುವುದನ್ನೆಲ್ಲ ಪಟ್ಟಿಮಾಡಿ, ಇಬ್ಬರೂ ಒಪ್ಪಿ ಸಹಿ ಹಾಕಿದ ಮೇಲೆಯೇ ಹೋಗುವವನು ಬಿಡುಗಡೆ ಹೊಂದುವನು. ಯುಇಎಫ್‌ಐ ಏರ್ಪಡಿಸಿರುವ ಕ್ರಮವೂ ಇಂಥದೇ. ಕರ್ನೆಲ್ ಮೊದಲು ಸ್ಮೃತಿಯ ನಕ್ಷೆಯನ್ನು ಕೇಳುವುದು. ಫರ್ಮ್‌ವೇರ್ ನಕ್ಷೆಯೊಡನೆ ಒಂದು ಗುರುತಿನ ಸಂಖ್ಯೆಯನ್ನೂ ಕೊಡುವುದು. ಬಳಿಕ ಕರ್ನೆಲ್ 'ಇನ್ನು ನೀನು ಬಿಡುಗಡೆ ಹೊಂದಬಹುದು' ಎಂದು ಸೂಚಿಸುವಾಗ ಅದೇ ಸಂಖ್ಯೆಯನ್ನು ತೋರಿಸಬೇಕು. ನಡುವೆ ನಕ್ಷೆಯು ಸ್ವಲ್ಪ ಬದಲಾಗಿದ್ದರೂ ಸಂಖ್ಯೆ ತಾಳೆಯಾಗದು, ಫರ್ಮ್‌ವೇರ್ ಒಪ್ಪದು.

ಇಲ್ಲೊಂದು ಸ್ವಾರಸ್ಯವಿದೆ. ನಕ್ಷೆಯನ್ನು ಬರೆದುಕೊಳ್ಳಲು ಸ್ಮೃತಿಯಲ್ಲಿ ಸ್ವಲ್ಪ ಸ್ಥಳ ಬೇಕು. ಆ ಸ್ಥಳವನ್ನು ಪಡೆದೊಡನೆಯೇ ಸ್ಮೃತಿಯ ಹಂಚಿಕೆಯು ಬದಲಾಗುವುದರಿಂದ ಹಿಂದಿನ ನಕ್ಷೆ ಹಳತಾಗಿಬಿಡುವುದು! ಆದುದರಿಂದ ಬೇಕಾದುದಕ್ಕಿಂತ ತುಸು ಹೆಚ್ಚಾಗಿಯೇ ಸ್ಥಳವನ್ನು ಮೊದಲು ಪಡೆದಿಟ್ಟುಕೊಂಡು, ಬಳಿಕ ನಕ್ಷೆಯನ್ನು ತರಿಸಿ, ಬೇರಾವ ಕೆಲಸಕ್ಕೂ ಕೈಹಾಕದೆ ಬಿಡುಗಡೆಯ ಸೂಚನೆಯನ್ನು ಕೊಡಬೇಕಾಗುತ್ತದೆ. ಆದರೂ ಒಮ್ಮೊಮ್ಮೆ ಫರ್ಮ್‌ವೇರಿನ ಒಳಗಿನ ಯಾವುದೋ ಕೆಲಸದಿಂದ ನಕ್ಷೆ ಬದಲಾಗುವುದುಂಟು. ಆಗ ಕರ್ನೆಲ್ ಮತ್ತೊಮ್ಮೆ ನಕ್ಷೆಯನ್ನು ತರಿಸಿ ಪ್ರಯತ್ನಿಸಬೇಕು.

ಫರ್ಮ್‌ವೇರ್ ಒಪ್ಪಿತೆಂದರೆ ಆರಂಭಕಾಲದ ಸೇವೆಗಳು ಅಲ್ಲಿಗೆ ಮುಗಿದುವು. ಇನ್ನು ತಟ್ಟೆಯನ್ನು ಓದಬೇಕಾದರೂ ಪರದೆಯ ಮೇಲೆ ಬರೆಯಬೇಕಾದರೂ ಕರ್ನೆಲ್ ತನ್ನ ಸ್ವಂತ ಸಾಮರ್ಥ್ಯವನ್ನೇ ನಂಬಬೇಕು.

ನಡೆಯುವ ಕಾಲದ ಸೇವೆಗಳು ಮಾತ್ರ ಉಳಿದಿರುತ್ತವೆ. ಅವು ಇರುವ ಪ್ರದೇಶವನ್ನು ಕರ್ನೆಲ್ ಮುಟ್ಟದೆ ಕಾಪಾಡಬೇಕು. ಕರ್ನೆಲ್ ಸ್ಮೃತಿಗೆ ತನ್ನದೇ ಆದ ಹೊಸ ವಿಳಾಸಗಳನ್ನು ಕೊಟ್ಟುಕೊಳ್ಳುವುದರಿಂದ, 'ಇನ್ನುಮುಂದೆ ನಿನ್ನ ವಿಳಾಸಗಳು ಇವು' ಎಂದು ಫರ್ಮ್‌ವೇರಿಗೆ ತಿಳಿಸುವ ಏರ್ಪಾಡೂ ಉಂಟು. ಇದನ್ನು ಒಂದು ಸಲ ಮಾತ್ರ ತಿಳಿಸಬಹುದು. ಎರಡನೆಯ ಸಲಕ್ಕೆ ಅವಕಾಶವಿಲ್ಲ.

ಬಿಟ್ಟುಹೋದ ಕಾಗದಗಳು

ಫರ್ಮ್‌ವೇರ್ ಹಿಂದೆ ಸರಿದ ಮೇಲೆಯೂ ಅದರಿಂದ ತಿಳಿಯಬೇಕಾದುದು ಬಹಳವಿದೆ. ಮಡಿಲಗಣಕದ ಬ್ಯಾಟರಿ ಎಷ್ಟು ಉಳಿದಿದೆ? ಮುಚ್ಚಳವನ್ನು ಮುಚ್ಚಿದರೆ ತಿಳಿಯುವುದು ಹೇಗೆ? ಯಂತ್ರವನ್ನು ಆರಿಸುವುದು ಹೇಗೆ? ಇವು ಒಂದೊಂದು ಯಂತ್ರದಲ್ಲಿಯೂ ಒಂದೊಂದು ಬಗೆ. ಇದಕ್ಕಾಗಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಕೂಡಿ ೧೯೯೬ರಲ್ಲಿ ಎಸಿಪಿಐ ಎಂಬ ನಿಯಮಾವಳಿಯನ್ನು ಪ್ರಕಟಿಸಿದುವು. ಇದರಂತೆ ಫರ್ಮ್‌ವೇರ್ ಹಲವು ಕೋಷ್ಟಕಗಳನ್ನು ಸ್ಮೃತಿಯಲ್ಲಿ ಬಿಟ್ಟಿರುತ್ತದೆ. ಕೋಷ್ಟಕವು ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಅದರ ಬೈಟುಗಳನ್ನೆಲ್ಲ ಕೂಡಿ ೨೫೬ರಿಂದ ಭಾಗಿಸಬೇಕು. ಶೇಷ ಉಳಿಯದಿದ್ದರೆ ಲೆಕ್ಕ ಸರಿ. ಉಳಿದರೆ ಎಲ್ಲಿಯೋ ತಪ್ಪಿದೆ.

ಈ ಕೋಷ್ಟಕಗಳಲ್ಲಿ ಕೆಲವು ಬರಿಯ ಅಂಕಿಗಳಲ್ಲ, ಸಣ್ಣ ಕ್ರಮವಿಧಿಗಳು. ಅವನ್ನು ಓದಿ ಅರ್ಥಮಾಡಿಕೊಂಡು ನಡೆಸುವ ದುಭಾಷಿಯೊಂದು ಕರ್ನೆಲಿನಲ್ಲಿದೆ. ನಾವು ಮುಚ್ಚಳವನ್ನು ಮುಚ್ಚಿದಾಗ ಯಂತ್ರವು ಕರ್ನೆಲನ್ನು ತಟ್ಟಿ ಎಚ್ಚರಿಸುವುದು. ಕರ್ನೆಲ್ ಆ ಸಂದರ್ಭಕ್ಕಾಗಿ ಬರೆದಿಟ್ಟಿರುವ ಕ್ರಮವಿಧಿಯನ್ನು ತೆಗೆದು ನಡೆಸುವುದು.

ಈ ಕ್ರಮವಿಧಿಗಳು ಕರ್ನೆಲಿಗೂ ಒಂದು ಪ್ರಶ್ನೆಯನ್ನು ಹಾಕಬಲ್ಲುವು: 'ನೀನು ಇಂಥ ಆಪರೇಟಿಂಗ್ ಸಿಸ್ಟಮಿನ ರೀತಿಯನ್ನು ಬಲ್ಲೆಯಾ?' ವಿಂಡೋಸಿನ ಹಲವು ಆವೃತ್ತಿಗಳ ಹೆಸರನ್ನು ಹೇಳಿ ಕೇಳಿದರೆ ಲಿನಕ್ಸ್ 'ಹೌದು' ಎನ್ನುವುದು. 'ಲಿನಕ್ಸ್' ಎಂದು ಕೇಳಿದರೆ 'ಇಲ್ಲ' ಎನ್ನುವುದು! ತಯಾರಕರಲ್ಲಿ ಬಹುಮಂದಿ ತಮ್ಮ ಫರ್ಮ್‌ವೇರನ್ನು ವಿಂಡೋಸಿನೊಡನೆ ಮಾತ್ರ ಚೆನ್ನಾಗಿ ಪರೀಕ್ಷಿಸಿರುತ್ತಾರೆ. ಪರೀಕ್ಷೆಗೆ ಒಳಗಾದ ದಾರಿಯಲ್ಲಿ ನಡೆಯುವುದೇ ಕ್ಷೇಮವೆಂಬುದು ಲಿನಕ್ಸ್ ರಚಿಸುವವರ ಅನುಭವ.

ಬೇರೆ ಬಗೆಯ ಯಂತ್ರಗಳಲ್ಲಿ ಪದ್ಧತಿಯೂ ಬೇರೆ. ಆರ್ಮ್ ಪ್ರೊಸೆಸರಿನ ಅನೇಕ ಸಾಧನಗಳಲ್ಲಿ ಉಪಕರಣಗಳ ವಿವರವನ್ನೆಲ್ಲ ಕೊಂಬೆರೆಂಬೆಗಳ ರೂಪದಲ್ಲಿ ಜೋಡಿಸಿದ 'ಸಾಧನವೃಕ್ಷ'ವನ್ನು ಕರ್ನೆಲಿಗೆ ಕೊಡುತ್ತಾರೆ. ಮದ್ರಾಸಿನ ಐಐಟಿಯ ವಿಜ್ಞಾನಿಗಳು ರೂಪಿಸಿರುವ 'ಶಕ್ತಿ' ಪ್ರೊಸೆಸರುಗಳು ರಿಸ್ಕ್-ಫೈವ್ ಎಂಬ ವರ್ಗಕ್ಕೆ ಸೇರಿದುವು. ಈ ವರ್ಗದಲ್ಲಿ ಲಿನಕ್ಸ್ ಪ್ರಾರಂಭವಾಗುವಾಗ ಒಂದು ರಿಜಿಸ್ಟರಿನಲ್ಲಿ ಪ್ರೊಸೆಸರಿನ ಕ್ರಮಸಂಖ್ಯೆಯೂ ಮತ್ತೊಂದರಲ್ಲಿ ಸಾಧನವೃಕ್ಷದ ವಿಳಾಸವೂ ಇರತಕ್ಕದ್ದೆಂಬುದು ನಿಯಮ.

ನಂಬಿಕೆಯ ಮಿತಿ

ಎರಡು ಪಕ್ಷಗಳು ಒಪ್ಪಂದದಂತೆ ನಡೆದರೆ ಎಲ್ಲವೂ ಸುಸೂತ್ರ. ನಡೆಯದಿದ್ದರೆ? ಯುಇಎಫ್‌ಐ ಯಂತ್ರಗಳಲ್ಲಿ ಯಾವ ಆಪರೇಟಿಂಗ್ ಸಿಸ್ಟಮನ್ನು ಮೊದಲು ಪ್ರಾರಂಭಿಸಬೇಕು ಎಂಬಂಥ ವಿಷಯಗಳನ್ನು ಚಿಪ್ಪಿನಲ್ಲಿ ಹೆಸರುಗಳೊಡನೆ ಬರೆದಿಟ್ಟಿರುತ್ತಾರೆ. ಕರ್ನೆಲ್ ಅವನ್ನು ಓದಲೂ ಬದಲಾಯಿಸಲೂ ಬಹುದು. ಆದರೆ ೨೦೧೩ರ ಪ್ರಾರಂಭದಲ್ಲಿ ವಿಪರೀತವೊಂದು ಬೆಳಕಿಗೆ ಬಂದಿತು. ಕೆಲವು ಮಡಿಲಗಣಕಗಳಲ್ಲಿ ಈ ಜಾಗವು ಬಹುಮಟ್ಟಿಗೆ ತುಂಬಿದರೆ, ಮರುಸಲ ಗುಂಡಿ ಒತ್ತಿದಾಗ ಫರ್ಮ್‌ವೇರೇ ತಬ್ಬಿಬ್ಬಾಗಿ ಯಂತ್ರವು ಏಳದೆ ಉಳಿಯುತ್ತಿತ್ತು. ತಟ್ಟೆಯನ್ನು ಬದಲಾಯಿಸಿಯೂ ಪ್ರಯೋಜನವಿಲ್ಲ. ಕೆಟ್ಟಿದ್ದುದು ಯಂತ್ರದ ಮೊದಲ ಹೆಜ್ಜೆಯೇ. ನಿಯಮದಂತೆ ಬರೆದ ಕರ್ನೆಲಿನಲ್ಲಿ ತಪ್ಪಿರಲಿಲ್ಲ. ಆದರೂ ಆ ಜಾಗದಲ್ಲಿ ಸ್ವಲ್ಪವನ್ನು ಎಂದಿಗೂ ತುಂಬದಂತೆ ಲಿನಕ್ಸನ್ನು ತಿದ್ದಬೇಕಾಯಿತು.

೨೦೧೬ರಲ್ಲಿ ಇನ್ನೊಂದು ಬಗೆಯ ಅನಾಹುತವು ಸುದ್ದಿಗೆ ಬಂದಿತು. ಲಿನಕ್ಸ್ ಈ ಹೆಸರುಗಳನ್ನು ಕಡತಗಳಂತೆ ತೋರಿಸುತ್ತದೆ. ಹಳೆಯದನ್ನೆಲ್ಲ ತೊಡೆದುಹಾಕಬೇಕೆಂದು 'ಎಲ್ಲ ಕಡತಗಳನ್ನೂ ಅಳಿಸು' ಎಂಬ ಆದೇಶವನ್ನು ಕೊಟ್ಟರೆ, ತಟ್ಟೆಯ ಕಡತಗಳೊಡನೆ ಚಿಪ್ಪಿನಲ್ಲಿದ್ದವೂ ಅಳಿಸಿಹೋದುವು. ಅವಿಲ್ಲದಿದ್ದರೂ ಫರ್ಮ್‌ವೇರ್ ತನ್ನನ್ನು ತಾನು ಸರಿಪಡಿಸಿಕೊಳ್ಳಬೇಕಾಗಿತ್ತು. ಕೆಲವು ಯಂತ್ರಗಳಲ್ಲಿ ಹಾಗಾಗಲಿಲ್ಲ. ಅಂದಿನಿಂದ ಲಿನಕ್ಸ್ ಇಂಥ ಕಡತಗಳಲ್ಲಿ ಹೆಚ್ಚಿನವನ್ನು ಸುಲಭವಾಗಿ ಅಳಿಸಲಾಗದಂತೆ ಬೀಗ ಹಾಕಿ ಇರಿಸುತ್ತದೆ.

ಈ ಪ್ರಸಂಗಗಳಿಂದ ತಿಳಿಯುವುದಿಷ್ಟು: ಒಪ್ಪಂದವನ್ನು ಕಾಗದದ ಮೇಲೆ ಬರೆದ ಮಾತ್ರಕ್ಕೆ ಸಾಲದು, ಎದುರು ಪಕ್ಷವು ತಪ್ಪಿದರೂ ಕೆಲಸ ಕೆಡದಂತೆ ನಡೆದುಕೊಳ್ಳಬೇಕು. ಕರ್ನೆಲನ್ನು ಬರೆಯುವವರ ಶ್ರಮದಲ್ಲಿ ಗಣನೀಯವಾದ ಪಾಲು ಈ ಎಚ್ಚರಿಕೆಗೇ ಮೀಸಲಾಗಿದೆ.

ನೀವೇ ನೋಡಿರಿ

ಲಿನಕ್ಸ್ ಇರುವ ಯಂತ್ರವು ನಿಮ್ಮ ಕಾಲೇಜಿನಲ್ಲಿದ್ದರೆ ಈ ಮಾತುಕತೆಯ ದಾಖಲೆಯನ್ನು ನೀವೇ ಓದಬಹುದು. ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರಗಳ ಆದೇಶವನ್ನು ಕೊಟ್ಟರೆ ಕರ್ನೆಲ್ ತಾನು ಎದ್ದಾಗಿನಿಂದ ಬರೆದಿಟ್ಟುಕೊಂಡ ದಿನಚರಿ ಕಾಣುತ್ತದೆ. ಕೆಲವು ಯಂತ್ರಗಳಲ್ಲಿ ಇದಕ್ಕೆ ಮೇಲ್ವಿಚಾರಕರ ಅನುಮತಿ ಬೇಕಾದೀತು. ಪಿಸಿಯಾದರೆ ಪ್ರಾರಂಭದ ಸಾಲುಗಳಲ್ಲಿಯೇ ಸ್ಮೃತಿಯ ನಕ್ಷೆ ಇರುತ್ತದೆ. ಯಾವ ಪ್ರದೇಶವು ಬಳಕೆಗೆ ಯೋಗ್ಯ, ಯಾವುದು ಮೀಸಲು ಎಂಬುದನ್ನು ಅಲ್ಲಿ ನೋಡಬಹುದು. ಯಂತ್ರವು ಯುಇಎಫ್‌ಐ ಆಗಿದ್ದರೂ ಆ ಸಾಲುಗಳ ಮೊದಲಿಗೆ 'ಬಯಾಸ್' ಎಂದೇ ಬರೆದಿರುವುದನ್ನು ಗಮನಿಸಿರಿ. ಹೊಸ ಫರ್ಮ್‌ವೇರ್ ಕೊಟ್ಟ ನಕ್ಷೆಯನ್ನೂ ಲಿನಕ್ಸ್ ಹಳೆಯ ಪಟ್ಟಿಯ ರೂಪಕ್ಕೆ ತಿರುಗಿಸಿಯೇ ಇರಿಸಿಕೊಳ್ಳುತ್ತದೆ. ಓದುವುದರಿಂದ ಯಾವ ಹಾನಿಯೂ ಇಲ್ಲ. ಅಳಿಸುವ ಸಾಹಸವನ್ನು ಮಾತ್ರ ಮಾಡಬೇಡಿರಿ.